ನ್ಯೂಜಿಲೆಂಡಿನ ಗುಡ್ಡ-ಸರೋವರಗಳ ನಡುವೆ ಇಬ್ಬರೇ, ಕ್ಯಾಂಪರ್‌ವ್ಯಾನಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಕ್ಯಾಂಪರ್‌ವ್ಯಾನಿನಲ್ಲಿ, ಅಂದರೆ ಒಳಗೇ ಹಾಸಿಗೆ, ಒಲೆ ಇರುವ ಗಾಡಿಯಲ್ಲಿ, ಸುತ್ತಬೇಕು ಅಂದುಕೊಂಡಿರುವ ಜೋಡಿಗಳು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ನಾನೂ ನಮ್ಮವರೂ ಹೋದ ದಾರಿ ಕ್ರೈಸ್ಟ್‌ಚರ್ಚ್‌ನಿಂದ ಶುರುವಾಗಿ ಟೆಕಾಪೋ, ಪುಕಾಕಿ, ಮೌಂಟ್ ಕುಕ್, ವಾನಕಾ, ಕ್ವೀನ್ಸ್‌ಟೌನ್, ಟೆ ಅನಾವು ಮೇಲೆ ಮಿಲ್ಫರ್ಡ್ ಸೌಂಡ್ ಮುಟ್ಟುತ್ತದೆ. ಕಡಿದಾದ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರ ಅದು. ನನ್ನ ಮುಖ್ಯ ಸಲಹೆ ಒಂದೇ: ಕಡಿಮೆ ಓಡಿಸಿ, ಜಾಸ್ತಿ ನಿಲ್ಲಿ. ಕೆಳಗಿನ ಬಹಳಷ್ಟು ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬಂದು ಸೇರುತ್ತವೆ.

ಎಷ್ಟು ದಿನ ಇಟ್ಟುಕೊಂಡರೆ ಸಾಕು?

ಕ್ರೈಸ್ಟ್‌ಚರ್ಚ್‌ನಲ್ಲಿ ವ್ಯಾನ್ ತಗೊಂಡು, ಮಿಲ್ಫರ್ಡ್ ನೋಡಿ, ಕ್ವೀನ್ಸ್‌ಟೌನ್‌ನಲ್ಲಿ ವಾಪಸ್ ಕೊಡುವುದಾದರೆ 10 ದಿನ ಬೇಕೇ ಬೇಕು. 14 ಇದ್ದರೆ ಆರಾಮ. ಒಂದು ವಾರದಲ್ಲಿ ಮುಗಿಸುತ್ತೇವೆ ಅಂತ ಹೊರಡುವವರು ಕೆರೆಗಳನ್ನು ಕಿಟಕಿಯಿಂದ ನೋಡಿ ಬರುತ್ತಾರೆ ಅಷ್ಟೆ.

ದೂರ ಕಾಗದದ ಮೇಲೆ ಕಡಿಮೆಯೇ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೋ ಸುಮಾರು 225 ಕಿಲೋಮೀಟರ್, ಅಲ್ಲಿಂದ ಮೌಂಟ್ ಕುಕ್ 105. ಮೌಂಟ್ ಕುಕ್‌ನಿಂದ ವಾನಕಾ 200ಕ್ಕೆ ತುಸು ಮೇಲೆ. ವಾನಕಾ–ಕ್ವೀನ್ಸ್‌ಟೌನ್ 70ರ ಒಳಗೆ, ಕ್ವೀನ್ಸ್‌ಟೌನ್–ಟೆ ಅನಾವು 170, ಅಲ್ಲಿಂದ ಮಿಲ್ಫರ್ಡ್ 120. ಆದರೆ ರಸ್ತೆಯ ಬಹುಪಾಲು ಎರಡೇ ಲೇನ್. ತಿರುವು ಜಾಸ್ತಿ, ವ್ಯಾನ್ ಭಾರ. ಜೊತೆಗೆ ಪ್ರತಿ ತಿರುವಿಗೂ ನಿಲ್ಲಿಸಬೇಕು ಅನ್ನಿಸುತ್ತದೆ. ಮೊಬೈಲ್ ಮ್ಯಾಪ್ ಮೂರು ಗಂಟೆ ಅಂದರೆ ನಾಲ್ಕೂವರೆ ಅಂದುಕೊಳ್ಳಿ. ಒಂದು ದಿನ ಓಡಿಸಿದರೆ ಮಾರನೇ ದಿನ ಎಲ್ಲಿದ್ದೀರೋ ಅಲ್ಲೇ ಇರಿ. ಈ ಒಂದು ಲೆಕ್ಕ ಇಟ್ಟುಕೊಂಡರೆ ಪ್ರವಾಸದ ರುಚಿಯೇ ಬೇರೆ.

ಯಾವ ತಿಂಗಳು ಒಳ್ಳೆಯದು?

ಅಲ್ಲಿನ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಜನವೂ ಇರುತ್ತಾರೆ, ವ್ಯಾನ್ ಬಾಡಿಗೆಯೂ ಮೇಲೆ ಇರುತ್ತದೆ. ನಮ್ಮ ಆಯ್ಕೆ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆ. ಬೇಸಿಗೆಯ ಶಾಲಾ ರಜೆಯ ಗಲಾಟೆ ಇಳಿದಿರುತ್ತದೆ. ವಾನಕಾ ಮತ್ತು ಆರೋಟೌನ್ ಕಡೆ ಮರಗಳು ಹಳದಿ, ಕೆಂಪು ಆಗಿರುತ್ತವೆ. ಬೆಳಿಗ್ಗೆ ಗಾಳಿ ಇಲ್ಲದೆ ಕೆರೆ ಅಲುಗಾಡದೆ ನಿಂತಿರುತ್ತದೆ.

ಟೆಕಾಪೋ ದಡದಲ್ಲಿ ನೇರಳೆ, ಗುಲಾಬಿ ಲುಪಿನ್ ಹೂವು ನೋಡಲೇಬೇಕು ಅನ್ನುವವರು ನವೆಂಬರ್ ಮಧ್ಯದಿಂದ ಡಿಸೆಂಬರ್‌ವರೆಗೆ ಹೋಗಬೇಕು. ಆದರೆ ಅದು ಆ ನೆಲದ ಗಿಡ ಅಲ್ಲ. ಹೊರಗಿನಿಂದ ಬಂದ ಕಳೆ. ಅಲ್ಲಿನ ನದಿಗಳು ಕಲ್ಲುಹಾಸಿನ ಮೇಲೆ ಹತ್ತಾರು ಕವಲಾಗಿ ಹರಿಯುತ್ತವೆ. ಆ ಬರಿಯ ಕಲ್ಲಿನ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ. ಲುಪಿನ್ ಬೆಳೆದರೆ ಅವಕ್ಕೆ ಜಾಗ ಇಲ್ಲ. ಫೋಟೋ ತೆಗೆಯಿರಿ, ಬೀಜ ಮಾತ್ರ ಎಲ್ಲೂ ಒಯ್ಯಬೇಡಿ.

ಜೂನ್‌ನಿಂದ ಆಗಸ್ಟ್ ಚಳಿಗಾಲ. ಹಿಮದ ರಸ್ತೆಯಲ್ಲಿ ಓಡಿಸಿ ಅಭ್ಯಾಸ ಇಲ್ಲದವರಿಗೆ ನಾನು ಹೇಳುವುದಿಲ್ಲ.

ಕಾರು ಬಾಡಿಗೆಗೆ ತಗೊಂಡು ಹೋಟೆಲಿನಲ್ಲಿ ಉಳಿದರೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ಹಣದ ಲೆಕ್ಕದಲ್ಲಿ ವ್ಯಾನ್ ಯಾವಾಗಲೂ ಅಗ್ಗ ಅನ್ನುವಂತಿಲ್ಲ. ವ್ಯಾನಿನ ಲಾಭ ಬೇರೆ ಇದೆ. ಪುಕಾಕಿ ಸರೋವರದ ಪಕ್ಕ ಮೋಡ ಸರಿಯಲಿ ಅಂತ ಮೂರು ಗಂಟೆ ಕಾಯಬೇಕಾದರೆ ಒಳಗೇ ಕಾಫಿ ಇದೆ, ಹಾಸಿಗೆ ಇದೆ. ಹೋಟೆಲಿನ ಚೆಕ್-ಇನ್ ಟೈಮಿಗೆ ಓಡಬೇಕಾಗಿಲ್ಲ. ಬೆಳಿಗ್ಗೆ ಬಸ್ಸುಗಳು ಬರುವ ಮೊದಲೇ ನೀವು ಅಲ್ಲಿರುತ್ತೀರಿ.

ಬೆನ್ನುನೋವು ಇರುವವರು, ರಾತ್ರಿ ನಾಲ್ಕು ಸಲ ಏಳುವವರು ಯೋಚಿಸಿ. ವ್ಯಾನಿನ ಹಾಸಿಗೆ ಕಿರಿದು. ಒಬ್ಬರು ಎದ್ದರೆ ಇನ್ನೊಬ್ಬರಿಗೂ ಎಚ್ಚರ.

ಇಬ್ಬರಿಗೆ ಯಾವ ವ್ಯಾನ್ ಸರಿ?

ನೆಟ್ಟಗೆ ನಿಲ್ಲಲು ಆಗುವಂಥದ್ದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಸಣ್ಣ ವ್ಯಾನುಗಳಲ್ಲಿ ಬಗ್ಗಿಕೊಂಡೇ ಪ್ಯಾಂಟ್ ಹಾಕಬೇಕು, ಬಗ್ಗಿಕೊಂಡೇ ಚಹಾ ಮಾಡಬೇಕು. ಎರಡು ದಿನ ತಮಾಷೆ, ಆಮೇಲೆ ಸೊಂಟ ಹಿಡಿಯುತ್ತದೆ. ಎತ್ತರದ ಛಾವಣಿಯ ಎರಡು ಬರ್ತಿನ ವ್ಯಾನ್ ಇಬ್ಬರಿಗೆ ಸಾಕು. ನಾಲ್ಕು ಬರ್ತಿನದು ತಗೊಂಡರೆ ಹಾಸಿಗೆ ದಿನಾ ಬಿಚ್ಚುವ ಕೆಲಸ ತಪ್ಪುತ್ತದೆ. ಆದರೆ ಪಾರ್ಕಿಂಗಿಗೆ, ಸಣ್ಣ ರಸ್ತೆಗೆ ಕಷ್ಟ.

ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಒಳಗೆ ಕದಲದಂತೆ ಜೋಡಿಸಿದ ಟಾಯ್ಲೆಟ್ ಇದೆಯಾ? ಗಾಡಿ ಆಫ್ ಇದ್ದಾಗಲೂ ಓಡುವ ಹೀಟರ್ ಇದೆಯಾ? ಕಿಟಕಿಗಳಿಗೆ ಸೊಳ್ಳೆಪರದೆ ಇದೆಯಾ? ಮೊದಲನೆಯದು ಕಾನೂನಿನ ವಿಷಯ, ಮುಂದೆ ಹೇಳುತ್ತೇನೆ. ಎರಡನೆಯದು ನಿದ್ದೆಯ ವಿಷಯ. ಟೆಕಾಪೋ ಸಮುದ್ರಮಟ್ಟದಿಂದ 700 ಮೀಟರಿನ ಮೇಲಿದೆ. ಬೇಸಿಗೆಯ ರಾತ್ರಿಯೂ ಚಳಿ ಹೊಡೆಯುತ್ತದೆ.

ವೀಸಾ, ಲೈಸೆನ್ಸ್ ಹೇಗೆ?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟರ್ ವೀಸಾ ಬೇಕು. ಅದರ ಜೊತೆ ಪ್ರವಾಸಿಗರ ಮೇಲಿನ ಒಂದು ಶುಲ್ಕವೂ ಸೇರುತ್ತದೆ. 2024ರ ಅಕ್ಟೋಬರ್‌ನಿಂದ ಅದು 100 ನ್ಯೂಜಿಲೆಂಡ್ ಡಾಲರ್. ಇಂಗ್ಲಿಷಿನಲ್ಲಿ ಅಚ್ಚಾದ ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆಗಿದ್ದರೆ ಬಾಡಿಗೆ ಕೌಂಟರಿನಲ್ಲಿ ಮಾತು ಕಡಿಮೆ. ಇಬ್ಬರ ಹೆಸರನ್ನೂ ಚಾಲಕರಾಗಿ ಬರೆಸಿ. ಒಬ್ಬರೇ ಓಡಿಸಿದರೆ ಅವರಿಗೆ ನೋಡಲು ಸಿಗುವುದು ರಸ್ತೆ ಮಾತ್ರ.

ಅಲ್ಲಿ ಓಡಿಸುವುದು ಕಷ್ಟನಾ?

ನಮ್ಮ ಹಾಗೆ ಎಡಗಡೆಯೇ. ಅಷ್ಟರಮಟ್ಟಿಗೆ ಸುಲಭ. ಊರ ಹೊರಗೆ ಸಾಮಾನ್ಯವಾಗಿ ಗಂಟೆಗೆ 100 ಕಿಲೋಮೀಟರ್ ಮಿತಿ, ಊರೊಳಗೆ 50. 3500 ಕಿಲೋಗಿಂತ ತೂಕದ ದೊಡ್ಡ ಮೋಟರ್‌ಹೋಮ್ ಆದರೆ 90. ಮಿತಿ 100 ಅಂತ 100ರಲ್ಲೇ ಹೋಗಬೇಕು ಅಂತೇನಿಲ್ಲ. ಬೆಟ್ಟದ ತಿರುವಿಗೆ 80 ಕೂಡ ಜಾಸ್ತಿ.

ನಮ್ಮ ದೇಶದವರು ಎಚ್ಚರ ಇರಬೇಕಾದ ಜಾಗಗಳು ಕೆಲವಿವೆ. ನಮ್ಮಲ್ಲಿ ಫ್ರೀ ಲೆಫ್ಟ್ ಅಂತ ಸಿಗ್ನಲ್ ಕೆಂಪಿದ್ದರೂ ಎಡಕ್ಕೆ ತಿರುಗಿಸಿಬಿಡುತ್ತೇವೆ. ಅಲ್ಲಿ ಅದು ತಪ್ಪು, ಕೆಂಪು ಅಂದರೆ ಎಡಕ್ಕೂ ಕೆಂಪೇ. ಸರ್ಕಲ್‌ಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ನಿಜವಾಗಿಯೂ ಬಿಡಬೇಕು. ಹಾರ್ನ್ ಹೊಡೆಯುವ ಅಭ್ಯಾಸ ವಿಮಾನ ನಿಲ್ದಾಣದಲ್ಲೇ ಬಿಟ್ಟುಬಿಡಿ.

ಒಂದೇ ಲೇನಿನ ಸೇತುವೆಗಳು ಇಡೀ ದಾರಿಯಲ್ಲಿ ಸಿಗುತ್ತವೆ. ಅವುಗಳ ಬೋರ್ಡ್ ಓದಲು ಹೊರಡುವ ಮೊದಲೇ ಕಲಿಯಿರಿ. ಕೆಂಪು ಅಂಚಿನ ಗುಂಡು ಬೋರ್ಡಿನಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನೀವು ನಿಲ್ಲಬೇಕು, ಎದುರಿನವರು ಮೊದಲು. ನೀಲಿ ಚೌಕದ ಬೋರ್ಡಿನಲ್ಲಿ ನಿಮ್ಮ ಬಾಣ ದೊಡ್ಡದಾಗಿ ಬೆಳ್ಳಗಿದ್ದರೆ ನಿಮಗೆ ಮೊದಲ ಹಕ್ಕು. ಹಕ್ಕಿದ್ದರೂ ನಿಧಾನಿಸಿ, ಆ ಕಡೆ ನೋಡಿಯೇ ಹತ್ತಿಸಿ.

ಹಿಂದೆ ಗಾಡಿಗಳು ಸಾಲುಗಟ್ಟಿದರೆ ಜಾಗ ಸಿಕ್ಕಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ. ಅಲ್ಲಿಯ ಜನಕ್ಕೆ ಆ ರಸ್ತೆ ಕೆಲಸಕ್ಕೆ ಹೋಗುವ ದಾರಿ. ದಾಟಿ ಹೋಗುವಾಗ ಕೈ ಎತ್ತಿ ಥ್ಯಾಂಕ್ಸ್ ಹೇಳುತ್ತಾರೆ, ಮನಸ್ಸಿಗೆ ಹಿತವಾಗುತ್ತದೆ.

ಗಾಳಿ ಬಗ್ಗೆ ಒಂದು ಮಾತು. ಟೆಕಾಪೋ, ಪುಕಾಕಿ ಇರುವ ಮೆಕೆಂಜಿ ಬಯಲಿನಲ್ಲಿ ವಾಯವ್ಯದಿಂದ ಗಾಳಿ ಏಕಾಏಕಿ ನುಗ್ಗುತ್ತದೆ. ಪುಕಾಕಿ ದಡದಲ್ಲಿ ನಮ್ಮ ಪಕ್ಕ ನಿಂತ ವ್ಯಾನಿನ ಹುಡುಗ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ತೆಗೆದ. ಬಾಗಿಲು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಬಡಿಯಿತು. ಕೀಲು ಬಗ್ಗಿ ಮತ್ತೆ ಮುಚ್ಚಲೇ ಇಲ್ಲ. ಪಾಪ, ಹಗ್ಗ ಕಟ್ಟಿಕೊಂಡು ಹೋದರು. ಗಾಡಿ ನಿಲ್ಲಿಸುವಾಗ ಮೂತಿ ಗಾಳಿಯ ಕಡೆ ಇರಲಿ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ.

ಬಾಡಿಗೆ ಕಾಗದದಲ್ಲಿ ಏನು ನೋಡಬೇಕು?

ಛಾವಣಿಗೆ, ಗಾಡಿಯ ತಳಕ್ಕೆ ಆದ ಏಟಿಗೆ ಇನ್ಶೂರೆನ್ಸ್ ಇದೆಯಾ ಅಂತ ನೋಡಿ. ಹಲವು ಒಪ್ಪಂದಗಳಲ್ಲಿ ಇರುವುದಿಲ್ಲ. ಯಾವ ರಸ್ತೆಗೆ ಹೋಗಬಾರದು ಅಂತಲೂ ಬರೆದಿರುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ಕಣಿವೆ ರಸ್ತೆ ಬಾಡಿಗೆ ಗಾಡಿಗಳಿಗೆ ನಿಷಿದ್ಧ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಡೀಸೆಲ್ ವ್ಯಾನ್ ಆದರೆ ಇನ್ನೊಂದು ಖರ್ಚಿದೆ. ಅಲ್ಲಿ ಪೆಟ್ರೋಲ್ ಬೆಲೆಯಲ್ಲಿ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್ ಬೆಲೆಯಲ್ಲಿ ಸೇರಿರುವುದಿಲ್ಲ. ಓಡಿದ ಕಿಲೋಮೀಟರಿಗೆ ಬೇರೆಯೇ ಕಟ್ಟಬೇಕು. ವಾಪಸ್ ಕೊಡುವಾಗ ಮೀಟರ್ ನೋಡಿ ಈ ಹಣ ಕೇಳುತ್ತಾರೆ. ಪಂಪಿನಲ್ಲಿ ಡೀಸೆಲ್ ಅಗ್ಗ ಅಂತ ಖುಷಿಪಡುವ ಮೊದಲು ಇದನ್ನೂ ಕೂಡಿಸಿ.

ಗಾಡಿ ತಗೊಳ್ಳುವ ದಿನ ಒಳಗೂ ಹೊರಗೂ ವಿಡಿಯೋ ಮಾಡಿಟ್ಟುಕೊಳ್ಳಿ. ಛಾವಣಿ, ಗಾಜು, ಟೈರ್ ಮರೆಯಬೇಡಿ.

ರಾತ್ರಿ ಕೆರೆ ಪಕ್ಕ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ?

ಇಲ್ಲ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ.

ಹಣ ಕೊಡದೆ ಸಾರ್ವಜನಿಕ ಜಾಗದಲ್ಲಿ ರಾತ್ರಿ ಕಳೆಯುವುದಕ್ಕೆ ಫ್ರೀಡಂ ಕ್ಯಾಂಪಿಂಗ್ ಅನ್ನುತ್ತಾರೆ. 2023ರಲ್ಲಿ ಇದಕ್ಕೆ ಹೊಸ ಕಾನೂನು ಬಂತು. ವ್ಯಾನಿನೊಳಗೆ ಜೋಡಿಸಿಟ್ಟ ಟಾಯ್ಲೆಟ್ ಇರಬೇಕು, ಹಾಸಿಗೆ ಬಿಚ್ಚಿದ್ದಾಗಲೂ ಅದನ್ನು ಬಳಸಲು ಆಗಬೇಕು. ಅಂಥ ವ್ಯಾನಿಗೆ ಹಸಿರು ವಾರಂಟ್ ಕಾರ್ಡ್ ಕೊಡುತ್ತಾರೆ. ಎಷ್ಟು ಜನಕ್ಕೆ ಅಂತಲೂ ಅದರಲ್ಲಿ ಇರುತ್ತದೆ. ಕಾರ್ಡ್ ಇದ್ದ ಮಾತ್ರಕ್ಕೆ ಎಲ್ಲ ಕಡೆ ಬಿಡುವುದಿಲ್ಲ. ಪ್ರತಿ ಊರಿನ ಕೌನ್ಸಿಲ್ ತನ್ನದೇ ನಿಯಮ ಮಾಡಿರುತ್ತದೆ. ಬೋರ್ಡ್ ಓದಿ. ತಪ್ಪಿದರೆ ನೂರಾರು ಡಾಲರ್ ದಂಡ. ಕ್ವೀನ್ಸ್‌ಟೌನ್, ವಾನಕಾ ಸುತ್ತ ಇದನ್ನು ಸುಮ್ನೆ ಬಿಡುವುದಿಲ್ಲ.

ನಾವು ಹೆಚ್ಚಾಗಿ ನಿಂತಿದ್ದು ಸರ್ಕಾರದ ಪ್ರಕೃತಿ ಸಂರಕ್ಷಣಾ ಇಲಾಖೆಯ ಕ್ಯಾಂಪುಗಳಲ್ಲಿ. ಅಲ್ಲಿಯ ಜನ ಡಾಕ್ ಅನ್ನುತ್ತಾರೆ. ಒಂದು ಶೌಚಾಲಯ, ಒಂದು ನಲ್ಲಿ, ಸುತ್ತ ಬೆಟ್ಟ. ಬೇರೇನೂ ಇರುವುದಿಲ್ಲ, ಬೇಕಾಗುವುದೂ ಇಲ್ಲ. ದುಡ್ಡು ತಲೆಗಿಷ್ಟು ಅಂತ. ಕೆಲವನ್ನು ಆನ್‌ಲೈನಿನಲ್ಲಿ ಬುಕ್ ಮಾಡಬೇಕು, ಕೆಲವು ಮೊದಲು ಬಂದವರಿಗೆ. ಮೌಂಟ್ ಕುಕ್ ತಪ್ಪಲಿನ ವೈಟ್ ಹಾರ್ಸ್ ಹಿಲ್, ಮಿಲ್ಫರ್ಡ್ ದಾರಿಯ ಕ್ಯಾಸ್ಕೇಡ್ ಕ್ರೀಕ್, ಈ ಎರಡನ್ನು ಬಿಡಬೇಡಿ.

ಮೂರು ನಾಲ್ಕು ದಿನಕ್ಕೊಮ್ಮೆ ಹಾಲಿಡೇ ಪಾರ್ಕಿಗೆ ಹೋಗಿ. ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಮಷೀನ್, ದೊಡ್ಡ ಅಡುಗೆಮನೆ, ಕರೆಂಟ್ ಎಲ್ಲ ಒಂದೇ ಕಡೆ ಸಿಗುತ್ತದೆ. ಯಾವ ಜಾಗ ಎಲ್ಲಿದೆ ಅಂತ ನೋಡಲು ಕ್ಯಾಂಪರ್‌ಮೇಟ್ ಅನ್ನುವ ಆಪ್ ಅನುಕೂಲ.

ಕರೆಂಟು, ನೀರು, ಟಾಯ್ಲೆಟ್ ಎಲ್ಲ ಹೇಗೆ ನಡೆಯುತ್ತದೆ?

ವ್ಯಾನಿನಲ್ಲಿ ಎರಡು ಬ್ಯಾಟರಿ. ಒಂದು ಇಂಜಿನ್ನಿಗೆ, ಇನ್ನೊಂದು ಮನೆಗೆ. ಮನೆಯ ಬ್ಯಾಟರಿ ಗಾಡಿ ಓಡುವಾಗ ಚಾರ್ಜ್ ಆಗುತ್ತದೆ. ದೀಪ, ನೀರಿನ ಪಂಪ್, ಫ್ರಿಜ್, ಫೋನ್ ಚಾರ್ಜ್ ಇದರಿಂದ ನಡೆಯುತ್ತದೆ. ಮೈಕ್ರೋವೇವ್, ಕೆಟಲ್ ಥರದವು ಕ್ಯಾಂಪಿನ ಕರೆಂಟಿಗೆ ವೈರ್ ಚುಚ್ಚಿದಾಗ ಮಾತ್ರ. ಅಲ್ಲಿಯದೂ 230 ವೋಲ್ಟೇ, ಆದರೆ ಪ್ಲಗ್ಗಿನ ಪಿನ್ ಆಸ್ಟ್ರೇಲಿಯಾ ಮಾದರಿಯದು. ಅಡಾಪ್ಟರ್ ಒಯ್ಯಿರಿ. ಎರಡು ರಾತ್ರಿ ಒಂದೇ ಕಡೆ ಕರೆಂಟಿಲ್ಲದೆ ನಿಂತರೆ ಬ್ಯಾಟರಿ ಮೇಲೆ ಕಣ್ಣಿಡಿ.

ನೀರಿಗೂ ಎರಡು ಟ್ಯಾಂಕ್. ಒಳ್ಳೆ ನೀರು ಒಂದು, ಸಿಂಕಿನ ಕೊಳೆನೀರು ಇನ್ನೊಂದು. ಕೊಳೆನೀರನ್ನು ನೆಲಕ್ಕೋ ಕೆರೆಗೋ ಬಿಡುವಂತಿಲ್ಲ. ಟಾಯ್ಲೆಟ್ಟಿನ ಕೆಳಗೆ ಎಳೆದು ತೆಗೆಯುವ ಡಬ್ಬ ಇರುತ್ತದೆ, ಕ್ಯಾಸೆಟ್ ಅನ್ನುತ್ತಾರೆ. ಊರೂರಿನಲ್ಲಿ ಡಂಪ್ ಸ್ಟೇಷನ್ ಅಂತ ಇದೆ. ಅಲ್ಲಿ ಎರಡನ್ನೂ ಖಾಲಿ ಮಾಡಬೇಕು. ಮೊದಲ ಸಲ ಅಸಹ್ಯ ಅನ್ನಿಸಬಹುದು. ಗ್ಲೌಸ್ ಹಾಕಿ, ಡಬ್ಬದ ಗಾಳಿಗುಂಡಿ ಒತ್ತಿ ಹಿಡಿದು ನಿಧಾನವಾಗಿ ಸುರಿದರೆ ಸಿಡಿಯುವುದಿಲ್ಲ. ಐದು ನಿಮಿಷದ ಕೆಲಸ. ತುಂಬುವವರೆಗೆ ಕಾಯಬೇಡಿ, ಎರಡು ದಿನಕ್ಕೊಮ್ಮೆ ಮಾಡಿ.

ಊಟಕ್ಕೆ ಏನು ಮಾಡುವುದು? ಮನೆಯಿಂದ ಒಯ್ಯಬಹುದಾ?

ಅಲ್ಲಿಗೆ ಇಳಿಯುವಾಗ ಕೊಡುವ ಫಾರಂನಲ್ಲಿ ತಿನ್ನುವ ಪದಾರ್ಥ ಎಲ್ಲವನ್ನೂ ಬರೆಯಿರಿ. ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಬಿಸ್ಕತ್ ಪೊಟ್ಟಣ ಇದ್ದರೂ ಬರೆಯಿರಿ. ಬರೆದಿದ್ದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪ, ಹಸಿ ಹಣ್ಣು, ತರಕಾರಿ, ಕರಿಬೇವಿನ ಎಲೆ ಬೇಡವೇ ಬೇಡ. ಟ್ರೆಕ್ಕಿಂಗ್ ಶೂಗಳ ಮಣ್ಣನ್ನೂ ತೊಳೆದು ಒಯ್ಯಿರಿ, ಅದನ್ನೂ ತಿರುಗಿಸಿ ನೋಡುತ್ತಾರೆ.

ಅಕ್ಕಿ, ಬೇಳೆ, ಮಸಾಲೆ ಎಲ್ಲ ಕ್ರೈಸ್ಟ್‌ಚರ್ಚ್‌ನಲ್ಲೇ ಸಿಗುತ್ತದೆ. ಹೊರಡುವ ಮೊದಲು ಅಲ್ಲೇ ಕೊಂಡುಬಿಡಿ. ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ವ್ಯಾನಿನಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆ ಇರುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ, ಮೇಲಿನ ಗವಾಕ್ಷಿ ಎರಡೂ ತೆಗೆದಿಡಿ. ಇಲ್ಲದಿದ್ದರೆ ಸಾಸಿವೆಯ ವಾಸನೆ ರಾತ್ರಿಯೆಲ್ಲ ಹಾಸಿಗೆಯಲ್ಲಿ. ವಾಸನೆಗಿಂತ ಮುಖ್ಯ ಕಾರಣ ವಿಷಾನಿಲ. ಚಳಿ ಕಾಯಿಸಲು ಒಲೆ ಹಚ್ಚಿಟ್ಟು ಮಲಗುವುದು ಪ್ರಾಣಕ್ಕೆ ಅಪಾಯ.

ಟೆಕಾಪೋ, ಪುಕಾಕಿ ನೀರು ಫೋಟೋದಲ್ಲಿ ಕಾಣುವ ಹಾಗೇ ಇರುತ್ತಾ?

ಹಾಗೇ ಇರುತ್ತದೆ. ಹಾಲು ಬೆರೆಸಿದ ನೀಲಿ ಅದು. ಮೇಲಿನ ಹಿಮನದಿಗಳು ಜರುಗುವಾಗ ತಳದ ಬಂಡೆಯನ್ನು ಅರೆದು ಹಿಟ್ಟು ಮಾಡುತ್ತವೆ. ಆ ಕಲ್ಲಿನ ಹಿಟ್ಟು ಎಷ್ಟು ನಯ ಅಂದರೆ ಮುಳುಗದೆ ನೀರಿನಲ್ಲೇ ತೇಲಾಡುತ್ತದೆ, ಬಿಸಿಲನ್ನು ಚೆದುರಿಸುತ್ತದೆ. ಅದಕ್ಕೇ ಮೋಡ ಕವಿದಾಗ ಬಣ್ಣ ಮಂಕು, ಮಧ್ಯಾಹ್ನದ ಬಿಸಿಲಿಗೆ ಉರಿಯುವ ನೀಲಿ. ನಾವು ಪುಕಾಕಿಯ ಅಂಚಿನಲ್ಲಿ ಒಂದು ಲೋಟಕ್ಕೆ ನೀರು ತುಂಬಿ ಕಿಟಕಿಯಲ್ಲಿಟ್ಟೆವು. ಲೋಟದಲ್ಲಿ ಬರೀ ಮಬ್ಬು ನೀರು. ಸಂಜೆಯಾದರೂ ಮಬ್ಬು ಇಳಿಯಲಿಲ್ಲ.

ಪುಕಾಕಿಯ ಉತ್ತರ ತುದಿಯಲ್ಲಿ ಆವೊರಾಕಿ ಕಾಣುತ್ತದೆ, ಅದೇ ಮೌಂಟ್ ಕುಕ್. ಟೆಕಾಪೋದ ನೀರು ಕಾಲುವೆಯಲ್ಲಿ ಪುಕಾಕಿಗೆ ಬರುತ್ತದೆ, ಮುಂದೆ ವಿದ್ಯುತ್ ಮಾಡುತ್ತಾ ಕೆಳಗಿಳಿಯುತ್ತದೆ. ಆ ಕಾಲುವೆಯ ನೀರೂ ಅದೇ ನೀಲಿ. ದೇಶಕ್ಕೆ ಬೆಳಕು ಕೊಡುವ ಕೆಲಸ ಮಾಡುತ್ತಲೇ ಇಷ್ಟು ಚೆಂದ ಇದೆಯಲ್ಲ ಅಂತ ನನಗೆ ತುಂಬ ಇಷ್ಟವಾಯಿತು.

ಟೆಕಾಪೋ ದಡದ ಕಲ್ಲಿನ ಚರ್ಚ್ 1935ರದು. ಒಳಗೆ ಫೋಟೋ ತೆಗೆಯಬಾರದು. ಹೊರಗೂ ಬೆಳಿಗ್ಗೆ ಏಳರೊಳಗೆ ಹೋದರೆ ಮಾತ್ರ ಏಕಾಂತ. ರಾತ್ರಿ ಅಲ್ಲಿ ನಿದ್ದೆಗೆ ಅವಸರ ಮಾಡಬೇಡಿ. ಆ ಪ್ರದೇಶವನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲ ಆಕಾಶದ ಮೀಸಲು ಅಂತ ಗುರುತಿಸಿದ್ದಾರೆ. ಬೀದಿದೀಪಗಳೂ ತಲೆ ತಗ್ಗಿಸಿಕೊಂಡಿವೆ. ನಮ್ಮಲ್ಲಿ ಸರಿಯಾಗಿ ಕಾಣದ ಮೆಗೆಲಾನ್ ಮೋಡಗಳು ಅನ್ನುವ ಗೆಲಾಕ್ಸಿಗಳು ಅಲ್ಲಿ ನೆತ್ತಿಯ ಕಡೆ ಎರಡು ಬಿಳಿ ಮಚ್ಚೆಯಾಗಿ ಬರಿಗಣ್ಣಿಗೆ ಕಾಣುತ್ತವೆ. ಓರಿಯನ್ ನಕ್ಷತ್ರಪುಂಜದ ಮಹಾವ್ಯಾಧ ತಲೆಕೆಳಗಾಗಿರುತ್ತಾನೆ. ಹುಣ್ಣಿಮೆ ತಪ್ಪಿಸಿ ದಿನ ಗೊತ್ತುಮಾಡಿ.

ಮೌಂಟ್ ಕುಕ್ ಹತ್ತಿರ ನಡೆಯಲು ಸುಲಭದ ದಾರಿ ಇದೆಯಾ?

ಹುಕರ್ ಕಣಿವೆ ದಾರಿ. ಹೋಗಿ ಬರಲು ಸುಮಾರು 10 ಕಿಲೋಮೀಟರ್, ಮೂರು ಗಂಟೆ. ಹೆಚ್ಚುಕಡಿಮೆ ಸಮತಟ್ಟು. ತೂಗುಸೇತುವೆ ದಾಟಿ ಹೋದರೆ ಕೊನೆಯಲ್ಲಿ ಮಂಜುಗಡ್ಡೆ ತೇಲುವ ಕೆರೆ, ಹಿಂದೆ 3724 ಮೀಟರಿನ ಶಿಖರ. ಎರಡನೇ ಸೇತುವೆಯ ಕೆಲಸಕ್ಕಾಗಿ 2025ರಲ್ಲಿ ಮೇಲಿನ ಭಾಗ ಮುಚ್ಚಿದ್ದರು. ಹೋಗುವ ಮೊದಲು ಸಂರಕ್ಷಣಾ ಇಲಾಖೆಯ ವೆಬ್ ಪುಟ ನೋಡಿ. ಪಕ್ಕದ ಕಣಿವೆಯಲ್ಲಿ ಟಾಸ್ಮನ್ ಹಿಮನದಿ ನೋಡುವ ಕಟ್ಟೆ ಇದೆ. ಮೆಟ್ಟಿಲು ಹತ್ತಿದರೆ ಇಪ್ಪತ್ತು ನಿಮಿಷ. ಕೆಳಗೆ ಕಾಣುವ ಅಷ್ಟು ದೊಡ್ಡ ಕೆರೆ 1970ರ ದಶಕಕ್ಕೆ ಮೊದಲು ಇರಲಿಲ್ಲ. ಹಿಮನದಿ ಕರಗಿ ಹಿಂದೆ ಸರಿದ ಜಾಗ ಅದು. ಅಲ್ಲಿ ನಿಂತಾಗ ಇಬ್ಬರಿಗೂ ಮಾತು ಬರಲಿಲ್ಲ.

ಅಲ್ಲಿಯ ಮೂಲನಿವಾಸಿ ಮಾವೊರಿಗಳ ಪಂಗಡವಾದ ನ್ಗಾಯ್ ತಾಹು ಜನಕ್ಕೆ ಆವೊರಾಕಿ ಅವರ ಮೂಲಪುರುಷ. ಬೆಟ್ಟದ ಮೇಲೆ ಕಾಲಿಡುವ ಮಾತು ಆಡುವಾಗ ಇದು ನೆನಪಿರಲಿ.

ವಾನಕಾದಿಂದ ಕ್ವೀನ್ಸ್‌ಟೌನ್‌ಗೆ ಯಾವ ರಸ್ತೆ?

ಕ್ರೌನ್ ರೇಂಜ್ ಬೆಟ್ಟಸಾಲಿನ ಮೇಲೆ ಹೋಗುವ ರಸ್ತೆಯೇ ಹತ್ತಿರ. ದೇಶದ ಅತಿ ಎತ್ತರದ ಮುಖ್ಯ ರಸ್ತೆ ಅದು, 1000 ಮೀಟರ್ ದಾಟುತ್ತದೆ. ಇಳಿಯುವಾಗ ಹಾವಿನಂತೆ ತಿರುವು. ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಕೆಳಗಿನ ಗೇರಿಗೆ ಹಾಕಿ. ದೊಡ್ಡ ಗಾಡಿ ಆದರೆ, ಹಿಮ ಬಿದ್ದಿದ್ದರೆ, ಕ್ರಾಮ್‌ವೆಲ್ ಮೇಲೆ ಕವರಾವು ಕಣಿವೆಯಲ್ಲಿ ಬನ್ನಿ. ಸುತ್ತು, ಆದರೆ ನೆಮ್ಮದಿ.

ಕ್ವೀನ್ಸ್‌ಟೌನ್ ಊರೊಳಗೆ ವ್ಯಾನ್ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ನನಗೆ ಆ ಊರಿಗಿಂತ ಅಲ್ಲಿಂದ ಗ್ಲೆನಾರ್ಕಿಗೆ ಹೋಗುವ ದಾರಿ ಇಷ್ಟ. ವಾಕಾಟಿಪು ಸರೋವರ ಸುಮಾರು 80 ಕಿಲೋಮೀಟರ್ ಉದ್ದ. ಅದರ ನೀರು ಅರ್ಧ ಗಂಟೆಯೊಳಗೆ ಕೆಲವು ಇಂಚು ಏರಿ ಮತ್ತೆ ಇಳಿಯುತ್ತದೆ. ಕೆಳಗೆ ಮಲಗಿರುವ ದೈತ್ಯನ ಎದೆಬಡಿತ ಅಂತ ಮಾವೊರಿ ಕತೆ. ನೀರಿನಂಚಿಗೆ ಒಂದು ಕಲ್ಲಿಟ್ಟು ಕಾದು ನೋಡಿ.

ಮಿಲ್ಫರ್ಡ್‌ಗೆ ವ್ಯಾನ್ ಒಯ್ಯಬಹುದಾ, ಅಥವಾ ಬಸ್ಸಿನಲ್ಲಿ ಹೋಗುವುದು ಮೇಲಾ?

ಬೇಸಿಗೆಯಲ್ಲಿ ವ್ಯಾನೇ ಒಳ್ಳೆಯದು, ಯಾಕೆಂದರೆ ಚೆಂದ ಇರುವುದು ದಾರಿಯಲ್ಲೇ. ಟೆ ಅನಾವಿನಲ್ಲಿ ಟ್ಯಾಂಕ್ ಭರ್ತಿ ಮಾಡಿ ಹೊರಡಿ, ಮುಂದೆ ಬಂಕ್ ನಂಬಬೇಡಿ. ಒಂದೇ ದಿನ ಹೋಗಿ ಬರುವ ಬದಲು ಕ್ಯಾಸ್ಕೇಡ್ ಕ್ರೀಕ್‌ನಲ್ಲಿ ರಾತ್ರಿ ಉಳಿಯಿರಿ. ಬೆಳಿಗ್ಗೆ ಬಸ್ಸುಗಳಿಗಿಂತ ಮೊದಲು ಹೋಮರ್ ಸುರಂಗ ದಾಟಬಹುದು. ಸುರಂಗದ ಉದ್ದ 1.2 ಕಿಲೋಮೀಟರ್. 1935ರಲ್ಲಿ ಗುದ್ದಲಿ ಹಿಡಿದು ಶುರುಮಾಡಿದ ಕೆಲಸ, ಗಾಡಿಗಳಿಗೆ ತೆರೆದದ್ದು 1954ರಲ್ಲಿ. ಒಳಗೆ ಇಳಿಜಾರು ಕಡಿದು, ಗೋಡೆ ಬರಿಯ ಬಂಡೆ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಹೆಡ್‌ಲೈಟ್ ಹಾಕಿ, ಕಪ್ಪು ಕನ್ನಡಕ ತೆಗೆಯಿರಿ.

ಸುರಂಗದ ಮುಂದೆ ಸಿಗ್ನಲ್‌ಗೆ ನಿಂತಾಗ ಕೀಯಾ ಅನ್ನುವ ಹಸಿರು ಬೆಟ್ಟದ ಗಿಳಿಗಳು ಬರುತ್ತವೆ. ನಮ್ಮ ವ್ಯಾನಿನ ಮುಂದಿನ ಗಾಜಿನ ಅಂಚಿನ ರಬ್ಬರನ್ನು ಒಂದು ಗಿಳಿ ಕೊಕ್ಕಿನಲ್ಲಿ ಹಿಡಿದು, ಕಾಲು ಒತ್ತಿಟ್ಟು, ಜಗ್ಗಿ ಜಗ್ಗಿ ಎಳೆಯಿತು. ತಿನ್ನಲು ಏನೂ ಕೊಡಬೇಡಿ. ಅವು ಅಳಿವಿನಂಚಿನಲ್ಲಿವೆ. ನಮ್ಮ ತಿಂಡಿ ಅವಕ್ಕೆ ಆಗದು, ರಸ್ತೆಗೆ ಬರುವ ಚಾಳಿಯೂ ಬೀಳುತ್ತದೆ.

ಚಳಿಗಾಲದಲ್ಲಿ ಈ ರಸ್ತೆಗೆ ಹಿಮಕುಸಿತದ ಅಪಾಯ ಇದೆ. ಟೈರಿಗೆ ಚೈನ್ ಒಯ್ಯಬೇಕು, ಕೆಲವು ದಿನ ರಸ್ತೆಯನ್ನೇ ಮುಚ್ಚುತ್ತಾರೆ. ಆಗ ಬಸ್ಸೇ ಸರಿ.

ಮಳೆ ಬಂದರೆ ಎಲ್ಲ ಹಾಳಲ್ವಾ?

ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ 6 ಮೀಟರಿಗೂ ಜಾಸ್ತಿ ಮಳೆ. ಆಗುಂಬೆಯ ಮಳೆ ನೋಡಿದವರಿಗೆ ಅದು ಹೊಸದಲ್ಲ. ಮಳೆ ಬಂದಾಗಲೇ ಆ ಬಂಡೆಗೋಡೆಗಳಿಂದ ನೂರಾರು ಜಲಪಾತ ಧುಮುಕುವುದು. ಬೋಟ್ ಬುಕ್ ಆಗಿದ್ದರೆ ಮಳೆ ಅಂತ ರದ್ದು ಮಾಡಬೇಡಿ. ಮೆಕೆಂಜಿ ಬಯಲು ಮಾತ್ರ ಪರ್ವತಗಳ ಮಳೆನೆರಳಿನಲ್ಲಿದೆ, ಒಣ ಒಣ. ಮಿಲ್ಫರ್ಡ್‌ನಲ್ಲಿ ನೆನೆದ ಬಟ್ಟೆ ಅಲ್ಲಿ ಒಂದು ಮಧ್ಯಾಹ್ನಕ್ಕೆ ಒಣಗುತ್ತದೆ.

ಸ್ಯಾಂಡ್‌ಫ್ಲೈ ಅಂದರೆ ಏನು?

ಸಣ್ಣ ಕಪ್ಪು ನೊಣ. ಹಗಲು ಕಚ್ಚುತ್ತದೆ, ಕಚ್ಚಿದ ಜಾಗ ವಾರ ತುರಿಸುತ್ತದೆ. ಟೆ ಅನಾವು, ಮಿಲ್ಫರ್ಡ್ ಕಡೆ ಬಹಳ. ಕಾಲಿನ ಗಂಟಿಗೆ ಮುಲಾಮು ಹಚ್ಚಿ, ಬಾಗಿಲು ತೆಗೆದಿಟ್ಟು ಹರಟೆ ಹೊಡೆಯಬೇಡಿ.

ಅಷ್ಟು ಸಣ್ಣ ಜಾಗದಲ್ಲಿ ಇಬ್ಬರೇ ಇದ್ದರೆ ಜಗಳ ಆಗಲ್ವಾ?

ಆಗುತ್ತದೆ. ಹೆಚ್ಚಿನ ಜಗಳ ಎರಡು ಹೊತ್ತಿಗೆ: ಗಾಡಿ ರಿವರ್ಸ್ ತೆಗೆಯುವಾಗ, ಸಂಜೆ ಹಸಿವಾದಾಗ. ಎರಡಕ್ಕೂ ಉಪಾಯ ಇದೆ.

ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು, ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಕೂಗುವುದು ಬೇಡ, ಬರೀ ಕೈಸನ್ನೆ. ಅಂಗೈ ಎತ್ತಿದರೆ ನಿಲ್ಲಿಸು ಅಂತ. ಅಂಗೈ ಕಂಡ ತಕ್ಷಣ ನಿಲ್ಲಿಸಬೇಕು, ಯಾಕೆ ಅಂತ ಆಮೇಲೆ ಕೇಳಬಹುದು. ಸಂಜೆಯ ವಿಷಯಕ್ಕೆ ನಾಲ್ಕು ಗಂಟೆಗೇ ನಿಂತುಬಿಡಿ. ಬೆಳಕಿರುವಾಗ ಜಾಗ ಹಿಡಿದು, ಚಹಾ ಕುಡಿದು, ಆಮೇಲೆ ಅಡುಗೆ. ಕತ್ತಲಾದ ಮೇಲೆ ಹಸಿದ ಹೊಟ್ಟೆಯಲ್ಲಿ ಕ್ಯಾಂಪ್ ಹುಡುಕುವ ಜೋಡಿಯ ಸಂಕಟ ಯಾರಿಗೂ ಬೇಡ.

ಕೆಲಸ ಹಂಚಿಕೊಳ್ಳಿ, ಮತ್ತೆ ಬದಲಾಯಿಸಿಕೊಳ್ಳಿ. ಅಡುಗೆ ನನ್ನದು, ಟಾಯ್ಲೆಟ್ ಡಬ್ಬ ಅವರದು ಅಂತ ಖಾಯಂ ಆದರೆ ಇಬ್ಬರಿಗೂ ಬೇಜಾರು. ನಮ್ಮವರು ಮನೆಯಲ್ಲಿ ಒಲೆ ಕಡೆ ಬರುವವರಲ್ಲ. ವ್ಯಾನಿನಲ್ಲಿ ಅವರೇ ಬೆಳಿಗ್ಗೆ ಕಾಫಿ ಮಾಡುತ್ತಿದ್ದರು. ನಾನು ಅಷ್ಟರಲ್ಲಿ ಕಿಟಕಿ ಗಾಜಿನ ಒಳಗೆ ಕೂತ ಹನಿಯನ್ನೆಲ್ಲ ಬಟ್ಟೆಯಿಂದ ಒರೆಸುತ್ತಿದ್ದೆ. ರಾತ್ರಿ ಇಬ್ಬರ ಉಸಿರಿಗೇ ಗಾಜು ಅಷ್ಟು ಒದ್ದೆಯಾಗುತ್ತದೆ. ಒರೆಸಿದಷ್ಟು ಜಾಗದಲ್ಲಿ ಮೊದಲು ನೀರು, ಆಮೇಲೆ ಬೆಟ್ಟ ಕಾಣುತ್ತಾ ಬರುತ್ತದೆ.

ದಿನಕ್ಕೆ ಒಂದು ಗಂಟೆ ಬೇರೆ ಬೇರೆ ಇರಿ. ಒಬ್ಬರು ದಡದಲ್ಲಿ ನಡೆಯಲಿ, ಇನ್ನೊಬ್ಬರು ಮಲಗಲಿ. ಮತ್ತೆ ಸಿಕ್ಕಾಗ ಹೇಳಲು ಏನಾದರೂ ಇರುತ್ತದೆ.

ಕೆರೆಗಳಲ್ಲಿ ಈಜಬಹುದಾ?

ಬಹುದು, ಆದರೆ ನೀರು ಹಿಮದಿಂದ ಬಂದದ್ದು. ಮೈ ಮರಗಟ್ಟಲು ಹೆಚ್ಚು ಹೊತ್ತು ಬೇಡ. ವಾನಕಾದಲ್ಲಿ ಫೆಬ್ರವರಿ ಹೊತ್ತಿಗೆ ಪರವಾಗಿಲ್ಲ. ದಡದಿಂದ ಸ್ವಲ್ಪ ಮುಂದೆ ಹೋದರೆ ನೆಲ ಒಮ್ಮೆಗೇ ಇಳಿಯುತ್ತದೆ, ಈ ಸರೋವರಗಳಲ್ಲಿ ಕೆಲವು ನೂರಾರು ಮೀಟರ್ ಆಳ. ಸೋಪು ಹಾಕಬೇಡಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಪ್ಪಲಿ, ಬಟ್ಟೆ, ಕಯಾಕ್ ತೊಳೆದು ಒಣಗಿಸಿ. ಡಿಡಿಮೋ ಅನ್ನುವ ಪಾಚಿ 2004ರಲ್ಲಿ ಅಲ್ಲಿ ಮೊದಲು ಸಿಕ್ಕಿತು. ಕಣ್ಣಿಗೆ ಕಾಣದ ಒಂದು ಹನಿಯಲ್ಲೂ ಅದು ದಾಟುತ್ತದೆ, ದಾಟಿದ ಮೇಲೆ ತೆಗೆಯುವ ದಾರಿಯಿಲ್ಲ.

ಮೊಬೈಲ್ ಸಿಗ್ನಲ್?

ಊರುಗಳಲ್ಲಿ ಇದೆ. ಮಿಲ್ಫರ್ಡ್ ದಾರಿಯ ಬಹುಪಾಲು ಇಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಎಲ್ಲಿಗೆ ಹೋಗುತ್ತೀರಿ ಅಂತ ಮನೆಯವರಿಗೆ ತಿಳಿಸಿ. ತುರ್ತು ಸಂಖ್ಯೆ 111.

ಪಶ್ಚಿಮ ಕರಾವಳಿಯನ್ನೂ ಸೇರಿಸಬಹುದಾ?

14 ದಿನಕ್ಕಿಂತ ಕಡಿಮೆ ಇದ್ದರೆ ಬೇಡ. ಇದ್ದರೆ ವಾನಕಾದಿಂದ ಹಾವೆಯಾ ಸರೋವರದ ಪಕ್ಕ ಹಾಸ್ಟ್ ಘಾಟಿ ದಾಟಿ ಫಾಕ್ಸ್ ಗ್ಲೇಷಿಯರ್ ಊರಿಗೆ ಹೋಗಿ. ಸುಮಾರು 260 ಕಿಲೋಮೀಟರ್, ಇಡೀ ದಿನ ಇಟ್ಟುಕೊಳ್ಳಿ. ಅಲ್ಲಿನ ಮ್ಯಾಥೆಸನ್ ಕೆರೆಯ ನೀರು ಕಾಡಿನ ಎಲೆ ಕೊಳೆತು ಕಡು ಕಂದು. ಅದಕ್ಕೇ ಬೆಳಗಿನ ಜಾವ ಗಾಳಿ ಇಲ್ಲದಾಗ ಆವೊರಾಕಿಯ ಬಿಂಬ ಅಷ್ಟು ಸ್ಪಷ್ಟ.

ವಾಪಸ್ ಕೊಡುವ ದಿನ ಏನು ಮಾಡಬೇಕು?

ಹಿಂದಿನ ರಾತ್ರಿ ಹಾಲಿಡೇ ಪಾರ್ಕಿನಲ್ಲಿ ಉಳಿಯಿರಿ. ಕೊಳೆನೀರು, ಟಾಯ್ಲೆಟ್ ಡಬ್ಬ ಎರಡೂ ಖಾಲಿ ಮಾಡಿ, ಪಾತ್ರೆ ತೊಳೆದು, ಗುಡಿಸಿ. ಉಳಿದ ಅಕ್ಕಿ, ಎಣ್ಣೆ, ಉಪ್ಪನ್ನು ಪಾರ್ಕಿನ ಅಡುಗೆಮನೆಯಲ್ಲಿ ಹೊಸಬರಿಗೆ ಬಿಡುವ ಕಪಾಟು ಇದ್ದರೆ ಅಲ್ಲಿಡಿ. ಡೀಸೆಲ್ ತುಂಬಿಸಿದ ರಸೀದಿ ಇಟ್ಟುಕೊಳ್ಳಿ. ಅದೇ ದಿನ ವಿಮಾನ ಇದ್ದರೆ ಮಧ್ಯೆ ನಾಲ್ಕು ಗಂಟೆಯಾದರೂ ಬಿಡಿ. ಕೌಂಟರಿನಲ್ಲಿ ಸಾಲು ಇರುತ್ತದೆ, ಗಾಡಿಯನ್ನು ಸುತ್ತಿ ಸುತ್ತಿ ನೋಡುತ್ತಾರೆ.